ಗೆಟಿಸ್‌ಬರ್ಗ್ ಮೇಜಿಗೆ ಕಪ್ಪು ಟೋಪಿಯವರು ಬಂದರು

ಗೆಟಿಸ್‌ಬರ್ಗ್ ಕಾಳಗವನ್ನು ಮೇಜಿನ ಮೇಲೆ ಗೊಂಬೆಗಳಿಂದ ಆಡುವ ಯುದ್ಧದಾಟಕ್ಕೆ ಬಣ್ಣ ಬಳಿಯುತ್ತಿದ್ದ ಉತ್ತರದ ಸೈನ್ಯದ 24ನೇ ಮಿಶಿಗನ್ ರೆಜಿಮೆಂಟ್ ಅಂತೂ ಪೂರ್ತಿ ಆಯಿತು. 15 ಎಂಎಂ ಲೋಹದ ಗೊಂಬೆಗಳು, ಒಂದು ಗೊಂಬೆಗೆ 20 ಜನರ ಲೆಕ್ಕ. 1863ರ ಜುಲೈ 1ರಂದು ಗೆಟಿಸ್‌ಬರ್ಗ್‌ನಲ್ಲಿ ಕಾಳಗಕ್ಕಿಳಿದಾಗ ಇವರಿದ್ದದ್ದು 496 ಮಂದಿ. ಅಂದರೆ 25 ಗೊಂಬೆ. ಕಾಗದದ ಮೇಲೆ ಒಂದು ರೆಜಿಮೆಂಟಿಗೆ ಸಾವಿರ ಜನ, ಆದರೆ ಅಮೆರಿಕದ ಅಂತರ್ಯುದ್ಧದ ಮೂರನೇ ವರ್ಷದಲ್ಲಿ ಅರ್ಧ ಉಳಿದಿದ್ದರೂ ದೊಡ್ಡ ರೆಜಿಮೆಂಟೇ.

ಜಾಸ್ತಿ ಹೊತ್ತು ಹಿಡಿದದ್ದು ಟೋಪಿ. ಉತ್ತರದ ಸೈನಿಕರಲ್ಲಿ ಹೆಚ್ಚಿನವರದು ಸಣ್ಣ ನೀಲಿ ಟೋಪಿ. ಮಿಶಿಗನ್‌ನವರಿದ್ದ ಐರನ್ ಬ್ರಿಗೇಡಿನವರದು (ಬ್ರಿಗೇಡ್ ಅಂದರೆ ಕೆಲವು ರೆಜಿಮೆಂಟ್ ಸೇರಿದ ಪಡೆ) ಮಾತ್ರ ಎತ್ತರದ ಕಪ್ಪು ಹಾರ್ಡೀ ಹ್ಯಾಟ್, ಒಂದು ಕಡೆ ಅಂಚು ಮೇಲಕ್ಕೆ ಮಡಚಿದ್ದು. ಮಿಶಿಗನ್‌ನವರು ಈ ಬ್ರಿಗೇಡಿಗೆ ತಡವಾಗಿ ಸೇರಿದವರು. ಹಳಬರು ಇವರನ್ನು ಸುಮ್ನೆ ಒಪ್ಪಿಕೊಳ್ಳಲಿಲ್ಲ. ಕಪ್ಪು ಟೋಪಿ ಸಿಕ್ಕಿದ್ದು ಗೆಟಿಸ್‌ಬರ್ಗ್‌ಗೆ ಸ್ವಲ್ಪ ಮುಂಚೆ. ಹಾಗಾಗಿ ನಾನು ಟೋಪಿಗೆ ಧೂಳಿನ ಬಣ್ಣ ತೀರಾ ಕಡಿಮೆ ಹಚ್ಚಿದೆ, ಪ್ಯಾಂಟಿಗೆ ಮೊಣಕಾಲವರೆಗೂ ಬಳಿದೆ. ಕಪ್ಪಿನ ಮೇಲೆ ಕಪ್ಪು ಕಾಣಲ್ಲ ಅಲ್ವಾ, ಅಂಚಿಗೆ ಕಡುಬೂದು ಎಳೆದರೆ ಎದ್ದು ಕಾಣುತ್ತದೆ. ಟೋಪಿಯ ಮೇಲಿನ ಕೆಂಪು ಚುಕ್ಕೆ ಒಂದನೇ ಕೋರ್, ಒಂದನೇ ಡಿವಿಷನ್ನಿನ ಗುರುತು (ಎರಡೂ ಬ್ರಿಗೇಡಿಗಿಂತ ದೊಡ್ಡ ಪಡೆಗಳು). ಅದಕ್ಕೆ ಬ್ರಷ್ ಬೇಡ, ಗುಂಡುಸೂಜಿಯ ತಲೆ ಸಾಕು.

ಜನರಲ್‌ಗಳು ಇಬ್ಬರು ಮುಗಿದರು. ಬ್ರಿಗೇಡಿನ ಮುಖ್ಯಸ್ಥ ಸಾಲೊಮನ್ ಮೆರೆಡಿತ್ ಆರೂವರೆ ಅಡಿ ದಾಟಿದ ಆಳು. ಡಬ್ಬಿಯಲ್ಲಿದ್ದ ದೊಡ್ಡ ಕುದುರೆಯನ್ನು ಅವರಿಗೇ ಕೊಟ್ಟೆ. ಆ ದಿನ ಅವರ ಕುದುರೆ ಗುಂಡು ತಿಂದು ಅವರ ಮೇಲೆಯೇ ಬಿತ್ತು ಅನ್ನುವುದು ಬೇರೆ ಮಾತು. ಕೋರ್ ಕಮಾಂಡರ್ ಜಾನ್ ರೆನಾಲ್ಡ್ಸ್ ಗೊಂಬೆ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ. ಏನು ಪ್ರಯೋಜನ! ಅದೇ ಬ್ರಿಗೇಡಿನ 2ನೇ ವಿಸ್ಕಾನ್ಸಿನ್‌ನವರನ್ನು ಮರಗಳ ತೋಪಿನೊಳಕ್ಕೆ ನುಗ್ಗಿಸುತ್ತಿದ್ದಾಗ ಬೆಳಿಗ್ಗೆಯೇ ಗುಂಡು ತಗುಲಿ ಸತ್ತವರು ಅವರು. ಆಟದಲ್ಲೂ ಅವರು ಮೇಜಿನ ಮೇಲಿರುವುದು ಮೊದಲ ಎರಡು ಸುತ್ತು ಅಷ್ಟೇ.

ಈಗ ಎದುರಾಳಿಗಳು: 26ನೇ ನಾರ್ತ್ ಕೆರೊಲಿನಾ, 21 ವರ್ಷದ ಕರ್ನಲ್ ಹೆನ್ರಿ ಬರ್ಗ್ವಿನ್ ಕೈಕೆಳಗಿನವರು. ದಕ್ಷಿಣದ ಸೈನ್ಯ ಅಂದರೆ ಬಟರ್‌ನಟ್ ಕಂದು ಅಂತ ಎಲ್ಲರೂ ಅದನ್ನೇ ಬಳಿಯುತ್ತಾರೆ, ಅಡಿಕೆ ಚೊಗರು ಮೆತ್ತಿದ ಬಟ್ಟೆಯ ಹಾಗೆ. ಆದರೆ ನಾರ್ತ್ ಕೆರೊಲಿನಾ ರಾಜ್ಯ ತನ್ನ ಹುಡುಗರಿಗೆ ತಾನೇ ಬಟ್ಟೆ ಹೊಲಿಸಿ ಕಳಿಸುತ್ತಿತ್ತು. ಅದಕ್ಕೇ ಇವರಿಗೆ ಬೂದು ಜಾಸ್ತಿ, ಕಂದು ಅಲ್ಲಲ್ಲಿ.

ಇನ್ನೊಂದು ಬದಲಾವಣೆ. ಮೊದಲು ನಾಲ್ಕು ನಾಲ್ಕು ಗೊಂಬೆಗಳನ್ನು ಒಂದೇ ಹಲಗೆಗೆ ಅಂಟಿಸುವ ಯೋಚನೆಯಿತ್ತು, ಅದನ್ನು ಬಿಟ್ಟೆ. ಸಂಜೆಯ ಹೊತ್ತಿಗೆ ಮಿಶಿಗನ್‌ನವರು ಕಳೆದುಕೊಂಡದ್ದು 363 ಮಂದಿಯನ್ನು: ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಎಲ್ಲ ಸೇರಿ. ಅಂದರೆ 25ರಲ್ಲಿ 18 ಗೊಂಬೆ ಎತ್ತಬೇಕು. ಒಂದೊಂದಾಗಿ ಎತ್ತಲು ಬರಬೇಕು ಅಂತ ಪ್ರತಿ ಗೊಂಬೆಯ ಅಡಿಗೂ ಪುಟ್ಟ ಮ್ಯಾಗ್ನೆಟ್ ಹಾಕುತ್ತಿದ್ದೇನೆ. ವಾರ್ನಿಷ್ ಮಾತ್ರ ಮಳೆ ಬಿಟ್ಟ ಮೇಲೆ. ಈ ತೇವದಲ್ಲಿ ಹೊಡೆದರೆ ನೀಲಿ ಕೋಟೆಲ್ಲ ಬೆಳ್ಳಗಾಗುತ್ತದೆ.