ಡಿಸ್ಕ್ ಹಾಕಿದರೆ ನೆಟ್‌ವರ್ಕ್ ಯಾಕೆ ಹೋಗುತ್ತೆ?

ಟೊಮೆಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಹರಾಜು ಶುರುವಾದ ಮೇಲೆ ಬಿಲ್ಲಿಂಗ್ ಮೆಷಿನ್ ನಿಲ್ಲುವ ಹಾಗಿಲ್ಲ. ರೈತರು ಪಟ್ಟಿಗೆ ಕಾಯುತ್ತಾ ನಿಂತಿರುತ್ತಾರೆ. ಅಲ್ಲಿನ ಕೆಲವು ಮಂಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಯುಎಸ್‌ಬಿ ಡಿಸ್ಕ್ ಹಾಕಿದಾಗ ನೆಟ್‌ವರ್ಕ್ ನಿಧಾನವಾಗುವ ತೊಂದರೆ ಬಂದಾಗ ಸರ್ವಿಸ್ ಹುಡುಗರು ಸುಮ್ನೆ ಹೊಸ ಡಿಸ್ಕ್ ಕೊಡಿಸಿಬಿಡುತ್ತಾರೆ. ಮಂಡಿಯವರ ದುಡ್ಡು ದಂಡ, ತೊಂದರೆ ಹಾಗೇ ಇರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಂಡಿಯಲ್ಲಿ ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿ ಸರ್ವರ್ ಮಾಡಿದ್ದರು. ಬ್ಯಾಕಪ್‌ಗೆ ಹೊರಗಿನ ಯುಎಸ್‌ಬಿ ಡಿಸ್ಕ್. ರೈಟರ್ ಹೇಳಿದ್ದು ಇಷ್ಟು: "ಸಾರ್, ಡಿಸ್ಕ್‌ಗೆ ಕಾಪಿ ಹಾಕಿದ್ರೆ ಪಕ್ಕದ ಮೆಷಿನ್‌ನಲ್ಲಿ ಬಿಲ್ ತೆವಳ್ತೈತೆ. ಡಿಸ್ಕ್ ತೆಗೆದ್ರೂ ಸರಿಹೋಗಲ್ಲ. ಆಫ್ ಮಾಡಿ ಆನ್ ಮಾಡಿದ್ರೇನೇ ಸರಿ."

ಆ ಕೊನೆಯ ಮಾತಲ್ಲೇ ಅರ್ಧ ಉತ್ತರ ಇತ್ತು. ಡಿಸ್ಕೇ ಕೆಟ್ಟಿದ್ದರೆ ಅದನ್ನು ಕಿತ್ತ ಮೇಲೆ ನೆಟ್‌ವರ್ಕ್ ಸರಿಹೋಗಬೇಕಿತ್ತು, ಅಲ್ವಾ? ಕೇಬಲ್ ಕೆಟ್ಟಿದ್ದರೆ ರೀಸ್ಟಾರ್ಟ್ ಮಾಡಿದ ಮಾತ್ರಕ್ಕೆ ಸರಿಹೋಗುತ್ತಿರಲಿಲ್ಲ.

ನೆಟ್‌ವರ್ಕ್‌ನಲ್ಲಿ ಉತ್ತರ ಎಷ್ಟು ಬೇಗ ಬರುತ್ತದೆ ಎಂದು ನೋಡಲು ಪಿಂಗ್ ಹಾಕಿದೆ. ಒಂದು ಮಿಲಿಸೆಕೆಂಡ್ ಒಳಗೆ ಬರಬೇಕಾದ ಉತ್ತರ 100ರ ಹತ್ತಿರ ತೋರಿಸುತ್ತಿತ್ತು. ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್ ತೆಗೆದರೆ ‘ಐಆರ್‌ಕ್ಯೂ 16: ನೋಬಡಿ ಕೇರ್ಡ್’ ಎಂಬ ಸಾಲು, ಅದರ ಕೆಳಗೆ ‘ಡಿಸೇಬ್ಲಿಂಗ್ ಐಆರ್‌ಕ್ಯೂ 16’. ಪ್ರಾಕ್ ಫೋಲ್ಡರ್‌ನಲ್ಲಿ ಇಂಟರಪ್ಟ್ಸ್ ಅಂತ ಒಂದು ಫೈಲ್ ಇರುತ್ತದೆ. ಅದರಲ್ಲಿ 16ರ ಸಾಲಿನಲ್ಲಿ ಯುಎಸ್‌ಬಿ ಕಂಟ್ರೋಲರ್, ನೆಟ್‌ವರ್ಕ್ ಕಾರ್ಡ್ ಎರಡೂ ಒಟ್ಟಿಗೆ ಕೂತಿದ್ದವು.

ಐಆರ್‌ಕ್ಯೂ ಅಂದರೆ ಹಾರ್ಡ್‌ವೇರ್ ಸಿಪಿಯುವನ್ನು ಕರೆಯಲು ಬಾರಿಸುವ ಗಂಟೆ. ಹಳೆಯ ಪಿಸಿಐ ಸ್ಲಾಟ್‌ಗಳಲ್ಲಿ ಈ ಲೈನ್‌ಗಳು ಕಡಿಮೆ. ಒಂದನ್ನೇ ಎರಡು ಮೂರು ಸಾಧನ ಹಂಚಿಕೊಳ್ಳುತ್ತವೆ. ಗಂಟೆ ಬಾರಿಸಿದಾಗ ಲಿನಕ್ಸ್ ಆ ಲೈನಿನ ಡ್ರೈವರ್‌ಗಳನ್ನೆಲ್ಲ (ಸಾಧನಗಳನ್ನು ನಡೆಸುವ ಪ್ರೋಗ್ರಾಂಗಳು) ‘ನಿನ್ನದಾ?’ ಎಂದು ಕೇಳುತ್ತದೆ. 1,00,000 ಸಲದಲ್ಲಿ 99,900ಕ್ಕಿಂತ ಜಾಸ್ತಿ ಸಲ ಯಾರೂ ಹೂಂ ಅನ್ನದಿದ್ದರೆ ಕರ್ನಲ್ ರೀಸ್ಟಾರ್ಟ್ ಆಗುವವರೆಗೆ ಆ ಲೈನನ್ನೇ ಮುಚ್ಚಿಬಿಡುತ್ತದೆ. ಆಮೇಲೆ ಸೆಕೆಂಡಿಗೆ ಸುಮಾರು 10 ಸಲ ತಾನೇ ಹೋಗಿ ಇಣುಕುತ್ತದೆ. ಪಿಂಗ್ 100ರ ಹತ್ತಿರ ಹೋಗಿದ್ದು ಅದಕ್ಕೇ. ಯಾವ ಸಾಮಾನೂ ಸತ್ತಿರಲಿಲ್ಲ.

ನೆಟ್‌ವರ್ಕ್ ಕಾರ್ಡನ್ನು ಬೇರೆ ಸ್ಲಾಟ್‌ಗೆ ಹಾಕಿದೆ. ಅದರ ಐಆರ್‌ಕ್ಯೂ ನಂಬರ್ ಬದಲಾಯಿತು. ಬ್ಯಾಕಪ್ ಓಡುತ್ತಿರುವಾಗಲೂ ಬಿಲ್ ಸಲೀಸಾಗಿ ಬಂತು. ಬೇರೆ ಸ್ಲಾಟ್ ಇಲ್ಲದಿದ್ದರೆ ಬಯೋಸ್ (ಮದರ್‌ಬೋರ್ಡ್‌ನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ನೋಡಿ. ಇಲ್ಲವೇ ಎಂಎಸ್‌ಐ (ಲೈನ್ ಬದಲು ಸಂದೇಶ ಕಳಿಸಿ ಸಿಪಿಯುವನ್ನು ಕರೆಯುವ ವಿಧಾನ) ಬಳಸುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿ, ಅದಕ್ಕೆ ಈ ಹಂಚಿಕೆಯ ಲೈನೇ ಬೇಡ. ಲಾಗ್‌ನಲ್ಲಿ ‘ಐಆರ್‌ಕ್ಯೂಪೋಲ್’ (ಎಲ್ಲ ಡ್ರೈವರ್‌ಗಳನ್ನೂ ಪದೇ ಪದೇ ಕೇಳಿ ನೋಡುವ ಆಯ್ಕೆ) ಹಾಕಿ ಬೂಟ್ ಮಾಡಿ ಎಂಬ ಸಲಹೆಯೂ ಬರುತ್ತದೆ. ಅವತ್ತಿನ ಹರಾಜು ಮುಗಿಸಲು ಅದು ಸಾಕು. ಆದರೆ ಸಿಪಿಯುಗೆ ಕೆಲಸ ಜಾಸ್ತಿಯಾಗುತ್ತದೆ. ಸೀಸನ್ ಪೂರ್ತಿ ಹಾಗೇ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ವೈಫೈ ಡಾಂಗಲ್ ಇರುವ ಕಡೆ ಕಾರಣವೇ ಬೇರೆ. ಯುಎಸ್‌ಬಿ 3.0 ಡಿಸ್ಕ್ ಓಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಏಳುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ತೋರಿಸಿತ್ತು. ಅಲ್ಲಿ ಲಾಗ್‌ನಲ್ಲಿ ಐಆರ್‌ಕ್ಯೂ ಸಾಲು ಕಾಣುವುದಿಲ್ಲ. ಡಿಸ್ಕ್ ಕಿತ್ತರೆ ನೆಟ್ ವಾಪಸ್ ಬರುತ್ತದೆ. ಡಾಂಗಲ್‌ಗೆ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಿಸ್ಕ್‌ನಿಂದ ದೂರ ಇಡಿ. ರೂಟರ್, ಡಾಂಗಲ್ ಎರಡರಲ್ಲೂ 5 ಗಿಗಾಹರ್ಟ್ಸ್ ಇದ್ದರೆ ಅದನ್ನೇ ಬಳಸಿ.