ಇಟ್ ಎಲ್ಲಿ ಕೂರಬೇಕು?

ಶಿರಸಿ ಮಳೆ, ಕರೆಂಟಿಲ್ಲ. ಅಕ್ಕನ ಮಗಳ ಇಂಗ್ಲಿಷ್ ಹೋಂವರ್ಕ್ ಮಾತ್ರ ನಿಂತಿಲ್ಲ. ‘ಟರ್ನ್ ಆಫ್ ದ ಫ್ಯಾನ್’ ಸರಿ, ‘ಟರ್ನ್ ದ ಫ್ಯಾನ್ ಆಫ್’ ಕೂಡ ಸರಿ, ಆದ್ರೆ ಫ್ಯಾನ್ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು, ‘ಟರ್ನ್ ಇಟ್ ಆಫ್’. ಒಪ್ಪಿದಳು. ಮುಂದಿನ ಸಾಲಲ್ಲೇ ‘ಲುಕ್ ಇಟ್ ಅಟ್’ ಅಂತ ಬರೆದಳು!

ಅಲ್ಲಿ ‘ಅಟ್’ ಮೊದಲು ಕಣೇ, ‘ಲುಕ್ ಅಟ್ ಇಟ್’ ಅಂದೆ.

“ಇದೇನು ಮಾವಾ, ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ!”

ಹೌದಲ್ವಾ. ನಮ್ಮಲ್ಲಿ ‘ಅದನ್ನ ನನಗೆ ಕೊಡು’, ‘ಕೊಡು ನನಗೆ ಅದನ್ನ’, ಹೇಗೆ ತಿರುಗಿಸಿದರೂ ನಡೆಯುತ್ತೆ, ವಿಭಕ್ತಿ ಪದಕ್ಕೇ ಅಂಟಿಕೊಂಡಿರುತ್ತಲ್ಲ. ನಾವೆಲ್ಲ ‘ಎಕ್ಸ್‌ಪ್ಲೇನ್ ಮಿ’ ಅನ್ನೋದೂ ಸುಮ್ನೆ ಅಲ್ಲ. ‘ನನಗೆ’ಯಲ್ಲಿರುವ ‘ಗೆ’ಯನ್ನು ಅಲ್ಲಿ ‘ಟು’ ಅಂತ ಬೇರೆಯೇ ಇಡಬೇಕು: ಎಕ್ಸ್‌ಪ್ಲೇನ್ ಇಟ್ ಟು ಮಿ.