‘ಟೆಸ್ಟ್-2’ ಸರ್ವರ್ ಖಾಲಿ ಮಾಡಿಸಿದ ಕಥೆ

ಅಮೆಜಾನ್ ಇಂಟರ್ನೆಟ್ ಮೂಲಕ ಸರ್ವರ್‌ಗಳನ್ನು ಬಾಡಿಗೆಗೆ ಕೊಡುತ್ತದೆ, ಆ ಸೇವೆಯ ಹೆಸರು ಇಸಿ2. 2021ರ ಜುಲೈ ಕೊನೆಯಲ್ಲಿ ಅವರು ಸುದ್ದಿ ಕೊಟ್ಟರು: ಇದರ ಹಳೇ ನೆಟ್‌ವರ್ಕ್ ಆದ ಇಸಿ2-ಕ್ಲಾಸಿಕ್ ಮುಚ್ಚುತ್ತೇವೆ, 2022ರ ಆಗಸ್ಟ್ 15ರೊಳಗೆ ಎಲ್ಲವನ್ನೂ ಹೊಸ ಮಾದರಿಯ ನೆಟ್‌ವರ್ಕ್ ಆದ ವಿಪಿಸಿಗೆ ಸಾಗಿಸಿಕೊಳ್ಳಿ. ವರ್ಷಕ್ಕಿಂತ ಜಾಸ್ತಿ ಟೈಮ್ ಇದೆಯಲ್ಲ ಅಂತ ಮೇಲ್‌ಗೆ ಸ್ಟಾರ್ ಹಾಕಿ ಮರೆತೆ. ನವೆಂಬರ್‌ನಲ್ಲಿ ಮ್ಯಾನೇಜರ್ ಕೇಳಿದಾಗಲೇ ಮತ್ತೆ ತೆರೆದದ್ದು.

ಕ್ಲಾಸಿಕ್ ಅಂದ್ರೆ ನಮ್ಮ ಹಳೇ ಬೆಂಗಳೂರಿನ ವಠಾರ ಇದ್ದ ಹಾಗೆ. 2006ರಲ್ಲಿ ಇಸಿ2 ಶುರುವಾದಾಗಿನ ಏರ್ಪಾಡು. ಎಲ್ಲ ಗ್ರಾಹಕರ ಸರ್ವರ್‌ಗಳೂ ಒಂದೇ ದೊಡ್ಡ ನೆಟ್‌ವರ್ಕ್‌ನಲ್ಲಿ, ಮನೆಗೊಂದು ಬಾಗಿಲಿನಂತೆ ಸೆಕ್ಯುರಿಟಿ ಗ್ರೂಪ್. ವಿಪಿಸಿ ಅಂದ್ರೆ ಸ್ವಂತ ಕಾಂಪೌಂಡ್. 2013ರ ಡಿಸೆಂಬರ್ 4ರ ನಂತರ ಖಾತೆ ತೆರೆದವರಿಗೆ ವಠಾರದಲ್ಲಿ ಜಾಗವೇ ಇರಲಿಲ್ಲ. ನಮ್ಮದು 2012ರ ಖಾತೆ. ಅಮೆಜಾನಿನ ಮುಂಬೈ ರೀಜನ್ (ಡೇಟಾ ಸೆಂಟರ್‌ಗಳ ನೆಲೆ) ಬಂದಿದ್ದು 2016ರಲ್ಲಿ, ಹಾಗಾಗಿ ಎಲ್ಲವೂ ಸಿಂಗಪುರದಲ್ಲಿ. ಒಟ್ಟು ಹನ್ನೊಂದು ಸರ್ವರ್.

ಹತ್ತಕ್ಕೆ ವಾರಸುದಾರರು ಸಿಕ್ಕರು. ಹನ್ನೊಂದನೆಯದರ ಹೆಸರು ‘ಟೆಸ್ಟ್-2’. ಎಂ1.ಸ್ಮಾಲ್, ಅಂದ್ರೆ ಇಸಿ2 ಹುಟ್ಟಿದಾಗಿನ ತಳಿ. ಯಾರನ್ನು ಕೇಳಿದರೂ "ನಮ್ಮದಲ್ಲ". ಅದನ್ನು ಹಾಕಿದ್ದವರು ಕೆಲಸ ಬಿಟ್ಟು ಐದು ವರ್ಷ ಆಗಿತ್ತು. ಫೋನ್ ಮಾಡಿದೆ. "ಅದು ಇನ್ನೂ ಓಡ್ತಾ ಇದೆಯಾ ಮಾರಾಯ?" ಅಂತ ನಕ್ಕರು. ಏನಕ್ಕೆ ಹಾಕಿದ್ದು ಅನ್ನೋದು ಅವರಿಗೂ ನೆನಪಿಲ್ಲ.

ಸರಿ, ಆಫ್ ಮಾಡೋಣ, ಯಾರು ಕೂಗ್ತಾರೆ ನೋಡೋಣ ಅಂದುಕೊಂಡೆ. ನಮ್ಮ ಕೆಲಸದಲ್ಲಿ ಇದು ಹಳೇ ಉಪಾಯ. ಸೋಮವಾರ ಬೆಳಿಗ್ಗೆ ಸ್ಟಾಪ್ ಒತ್ತಿದೆ. ಬುಧವಾರದವರೆಗೂ ಯಾರೂ ಕೂಗಲಿಲ್ಲ. ಆದರೂ ಯಾಕೋ ಮನಸ್ಸು ಒಪ್ಪದೆ ಸಂಜೆ ಮತ್ತೆ ಸ್ಟಾರ್ಟ್ ಮಾಡಿದೆ. ಕ್ಲಾಸಿಕ್‌ನಲ್ಲಿ ಸರ್ವರ್ ನಿಲ್ಲಿಸಿದರೆ ಎಲಾಸ್ಟಿಕ್ ಐಪಿ, ಅಂದ್ರೆ ಹೊರಗಿನವರಿಗೆ ಕಾಣುವ ಕಾಯಂ ಇಂಟರ್ನೆಟ್ ವಿಳಾಸ, ಕಳಚಿಕೊಳ್ಳುತ್ತಿತ್ತು. ಅದು ಗೊತ್ತಿತ್ತು, ಮತ್ತೆ ಸಿಕ್ಕಿಸಿದೆ. ಜಾಣ ಅಂದುಕೊಂಡೆ.

ಒಂದನೇ ತಾರೀಖು ಅಕೌಂಟ್ಸ್ ಮೇಡಂ ಫೋನ್. "ಡೀಲರ್‌ಗಳ ಕಮಿಷನ್ ಸ್ಟೇಟ್‌ಮೆಂಟ್ ಬಂದೇ ಇಲ್ವಲ್ಲ ಸರ್, ಬೆಳಿಗ್ಗೆಯಿಂದ ಎಲ್ಲರೂ ನನ್ನ ತಲೆ ತಿಂತಿದ್ದಾರೆ."

ನಾಲ್ಕು ಗಂಟೆ ಹುಡುಕಿದೆ. ಸ್ಟೇಟ್‌ಮೆಂಟ್ ತೆಗೆಯುವ ಕ್ರಾನ್ (ಗೊತ್ತು ಮಾಡಿದ ಹೊತ್ತಿಗೆ ತಾನಾಗಿ ಓಡುವ ಕೆಲಸ) ಬೇರೆ ಸರ್ವರ್‌ನಲ್ಲಿತ್ತು. ತಿಂಗಳಿಗೊಂದೇ ಸಲ, ಒಂದನೇ ತಾರೀಖು ಬೆಳಗಿನ ಜಾವ ಎರಡಕ್ಕೆ ಓಡುತ್ತಿತ್ತು. ಓಡುವಾಗ ಕಮಿಷನ್ ದರದ ಪಟ್ಟಿಯನ್ನು ‘ಟೆಸ್ಟ್-2’ರಿಂದ ಎಳೆದುಕೊಳ್ಳುತ್ತಿತ್ತು. ಹೇಗೆ? ಕಾನ್ಫಿಗ್ ಫೈಲಿನಲ್ಲಿ 10ರಿಂದ ಶುರುವಾಗುವ ಒಂದು ಪ್ರೈವೇಟ್ ಐಪಿ, ಅಂದ್ರೆ ಒಳಗಿನ ನೆಟ್‌ವರ್ಕಿನ ವಿಳಾಸ, ನೇರ ಅಂಕಿಗಳಲ್ಲಿ. ಕ್ಲಾಸಿಕ್‌ನಲ್ಲಿ ನಿಲ್ಲಿಸಿ ಶುರು ಮಾಡಿದರೆ ಪ್ರೈವೇಟ್ ಐಪಿಯೂ ಬದಲಾಗುತ್ತಿತ್ತು. ವಿಪಿಸಿಯಲ್ಲಾದರೆ ಅದೇ ಉಳಿಯುತ್ತದೆ. ನಾನು ಎಷ್ಟೋ ವರ್ಷದಿಂದ ವಿಪಿಸಿಯಲ್ಲೇ ಕೆಲಸ ಮಾಡಿದವನು, ಇದು ತಲೆಗೇ ಹೊಳೆಯಲಿಲ್ಲ. ಒಂದು ಸಾಲು ತಿದ್ದಿ, ಕ್ರಾನ್ ಕೈಯಿಂದ ಓಡಿಸಿ, ಮೇಡಂಗೆ ಫೋನ್ ಮಾಡಿ ನನ್ನದೇ ತಪ್ಪು ಅಂತ ಹೇಳಿದೆ. "ಮುಂದಿನ ತಿಂಗಳು ಮೊದಲೇ ಹೇಳಿ ಸರ್, ನಾನು ರಜೆ ಹಾಕ್ತೀನಿ" ಅಂದರು.

ಮೂರು ದಿನ ಆಫ್ ಇಟ್ಟು, ತಿಂಗಳಿಗೊಮ್ಮೆ ಬರುವವನು ಯಾಕೆ ಕೂಗಲಿಲ್ಲ ಅಂದ್ರೆ ಹೇಗೆ ಅಲ್ವಾ? ಅಲ್ಲಿಂದ ಆಫ್ ಮಾಡುವ ಆಟ ಬಿಟ್ಟೆ. ವಿಪಿಸಿಯಲ್ಲಿ ಯಾರು ಯಾರ ಜೊತೆ ಮಾತಾಡುತ್ತಾರೆ ಅಂತ ನೋಡೋಕೆ ಫ್ಲೋ ಲಾಗ್ಸ್ ಇದೆ. ಕ್ಲಾಸಿಕ್‌ಗೆ ಆ ಭಾಗ್ಯ ಇರಲಿಲ್ಲ. ಹನ್ನೊಂದು ಸರ್ವರ್‌ಗಳಲ್ಲೂ ನೆಟ್‌ವರ್ಕಿನ ಓಡಾಟ ಹಿಡಿದು ತೋರಿಸುವ ಟಿಸಿಪಿಡಂಪ್ ಹಚ್ಚಿದೆ. ಹೊಸ ಕನೆಕ್ಷನ್ ಶುರುವಾಗುವಾಗ ಬರುವ ಪ್ಯಾಕೆಟ್‌ಗಳನ್ನಷ್ಟೇ ಹಿಡಿದು, ಪೂರ್ತಿ ಒಂದು ತಿಂಗಳು ಬರೆದಿಟ್ಟೆ. ಆಗ ಇನ್ನೂ ಇಬ್ಬರು ಅನಾಮಿಕರು ಸಿಕ್ಕರು. ಅದರಲ್ಲಿ ಒಂದು ಹುಬ್ಬಳ್ಳಿ ಬ್ರಾಂಚಿನ ಹಾಜರಿ ಮಷೀನ್. ಅದೂ ನಮ್ಮ ‘ಟೆಸ್ಟ್-2’ಗೇ ಪ್ರತಿ ಶನಿವಾರ ಫೈಲ್ ಕಳಿಸುತ್ತಿತ್ತು. ಆ ಫೈಲ್ ಯಾರೂ ಓದುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಇಷ್ಟಾದ ಮೇಲೆ ಸಾಗಿಸುವ ಕೆಲಸ ಸಲೀಸು. ಹಳೇ ವರ್ಚುವಲೈಸೇಷನ್ ಪದ್ಧತಿಯ ಪಿವಿ ಇಮೇಜ್‌ಗಳು (ಸರ್ವರ್ ಎಬ್ಬಿಸುವ ಅಚ್ಚುಗಳು) ಹೊಸ ತಳಿಯ ಟಿ3 ಮಷೀನ್‌ಗಳಲ್ಲಿ ಏಳೋದಿಲ್ಲ, ಅಂಥವನ್ನು ಹೊಸದಾಗಿಯೇ ಕಟ್ಟಿದೆವು. ಭಯ ಇದ್ದದ್ದು ಬ್ಯಾಂಕಿನ ಜೊತೆ ಮಾತಾಡುವ ಸರ್ವರ್‌ದು. ಬ್ಯಾಂಕಿನ ಫೈರ್‌ವಾಲ್‌ನಲ್ಲಿ ನಮ್ಮ ಐಪಿ ಬದಲಾಯಿಸಬೇಕಂದ್ರೆ ಫಾರ್ಮು, ಸಹಿ, ಸೀಲು. ಪುಣ್ಯಕ್ಕೆ ಎಲಾಸ್ಟಿಕ್ ಐಪಿಯನ್ನು ಹಾಗೇ ವಿಪಿಸಿಗೆ ಎತ್ತಿಕೊಂಡು ಹೋಗಲು ಅವಕಾಶ ಇತ್ತು. ಸಾಗಿಸುವಾಗ ಅದು ಯಾವ ಸರ್ವರ್‌ಗೂ ಅಂಟಿಕೊಂಡಿರಬಾರದು, ಅಷ್ಟೇ. ಹಳೇದರಿಂದ ಬಿಡಿಸಿ, ಸಾಗಿಸಿ, ಹೊಸದಕ್ಕೆ ಹಾಕಿದೆವು. ಬ್ಯಾಂಕಿನವರಿಗೆ ಗೊತ್ತೇ ಆಗಲಿಲ್ಲ.

ಮಾರ್ಚ್‌ನಲ್ಲಿ ಯಾವುದನ್ನೂ ಮುಟ್ಟಲಿಲ್ಲ. ವರ್ಷದ ಲೆಕ್ಕ ಮುಗಿಸುವ ತಿಂಗಳಲ್ಲಿ ಮೇಡಂ ಎದುರು ಹೋಗುವ ಧೈರ್ಯ ನನಗಿರಲಿಲ್ಲ. ಜೂನ್‌ನಲ್ಲಿ ಕೊನೆಯದನ್ನು ಸಾಗಿಸಿದೆವು. ಆಗಸ್ಟ್ 15 ಆ ವರ್ಷ ಸೋಮವಾರ ಬಂದಿತ್ತು. ಮೂರು ದಿನದ ರಜೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವುದು ತಪ್ಪಿತು. ನಮಗಿಂತ ನಿಧಾನಸ್ಥರೂ ಇದ್ದರು ಅನ್ನಿ. ಅಮೆಜಾನ್ ಕೊನೆಯ ಕ್ಲಾಸಿಕ್ ಸರ್ವರ್ ಆಫ್ ಮಾಡಿದ್ದು 2023ರ ಆಗಸ್ಟ್‌ನಲ್ಲಿ.

‘ಟೆಸ್ಟ್-2’ ಅಳಿಸುವ ದಿನ ಅದರ ಸ್ಕ್ರೀನ್‌ಶಾಟ್ ತೆಗೆದು ಆ ಹಳೇ ಸಹೋದ್ಯೋಗಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಟರ್ಮಿನೇಟ್ ಒತ್ತಿದರೆ ಎರರ್ ಬರುತ್ತಿತ್ತು. ಅಷ್ಟರಲ್ಲಿ ಅವರ ಉತ್ತರ ಬಂತು: "ಈಗ ನೆನಪಾಯ್ತು. ಯಾರೂ ಅಳಿಸಬಾರದು ಅಂತ ಟರ್ಮಿನೇಷನ್ ಪ್ರೊಟೆಕ್ಷನ್ ಹಾಕಿದ್ದೆ. ಮೊದಲು ಅದನ್ನ ತೆಗಿ."